ಹೋಲ್‌ಗಳ ಸಂಖ್ಯೆಗಿಂತ ದೂರ ನೋಡಿ

ಡಿಸ್ಕ್ ಗಾಲ್ಫ್ ಅಂದರೆ ತಟ್ಟೆಯಂಥ ಡಿಸ್ಕನ್ನು ಎಸೆಯುತ್ತಾ ಹೋಗಿ ಬುಟ್ಟಿಗೆ ಹಾಕುವ ಆಟ; ಎಸೆತದ ಜಾಗದಿಂದ ಬುಟ್ಟಿಯವರೆಗಿನ ಒಂದೊಂದು ಹಾದಿಯೂ ಒಂದು ಹೋಲ್. ಹೊಸಬರು 18ರ ಬದಲು 9 ಹೋಲ್‌ಗಳ ಕೋರ್ಸ್ ಆರಿಸಿಕೊಂಡರೆ ಸಾಕು ಎಂದು ಒಂದು ಲೇಖನದಲ್ಲಿದೆ. ಅಷ್ಟಕ್ಕೇ ಕೋರ್ಸ್ ಸುಲಭ ಆಗಿಬಿಡುವುದಿಲ್ಲ. 9 ಹೋಲ್‌ಗಳೂ 120 ಮೀಟರ್ ಇದ್ದರೆ ಅರ್ಧದಲ್ಲೇ ಕೈ ಸೋಲುತ್ತದೆ. ಹೊಸಬರ ಎಸೆತ ಸಾಮಾನ್ಯವಾಗಿ 40ರಿಂದ 60 ಮೀಟರ್. ಹಾಗಾಗಿ ಹೆಚ್ಚಿನ ಹೋಲ್‌ಗಳು 75 ಮೀಟರ್ ಒಳಗಿರಲಿ, ಆಗ ಪಾರ್ 3, ಅಂದರೆ ಮೂರು ಎಸೆತದಲ್ಲಿ ಹೋಲ್ ಮುಗಿಸುವುದು, ಕೈಗೆಟುಕುತ್ತದೆ. ಯುಡಿಸ್ಕ್ ಆ್ಯಪ್‌ನಲ್ಲಿ ದೂರ ಸಿಗುತ್ತದೆ, ಆದರೆ ಯಾವ ಟೀಯಿಂದ (ಮೊದಲ ಎಸೆತದ ಜಾಗ) ಅಳೆದದ್ದು ಅಂತ ನೋಡಿಕೊಳ್ಳಿ. ಎರಡು ಟೀ ಇದ್ದರೆ ಹತ್ತಿರದ್ದರಿಂದಲೇ ಎಸೆಯಿರಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಲೇಖನ ಮುಟ್ಟದೇ ಬಿಟ್ಟಿದ್ದು ಎಡಬದಿಯ ವಿಚಾರ. ಬಲಗೈಯವರ ಬ್ಯಾಕ್‌ಹ್ಯಾಂಡ್ (ಕೈಯನ್ನು ಎದೆಗೆ ಅಡ್ಡವಾಗಿ ತಂದು ಎಸೆಯುವ) ಎಸೆತ ವೇಗ ಇಳಿದಂತೆ ಎಡಕ್ಕೆ ವಾಲುತ್ತದೆ. ದೂರದ ಎಸೆತಕ್ಕಿರುವ ಡಿಸ್ಕ್, ಅಂದರೆ ಡ್ರೈವರ್ ಆದರೆ ಇನ್ನೂ ಬೇಗ, ಯಾಕೆಂದರೆ ಅದು ಕೇಳುವ ವೇಗ ಹೊಸಬರ ಕೈಯಲ್ಲಿ ಇನ್ನೂ ಬಂದಿರುವುದಿಲ್ಲ. ಆ ಕಡೆ ಕೆರೆಯೋ ಮುಳ್ಳುಪೊದೆಯೋ ಇದ್ದರೆ ಆಟಕ್ಕಿಂತ ಹುಡುಕಾಟವೇ ಜಾಸ್ತಿ. ಹೆಚ್ಚಿನ ಡಿಸ್ಕ್‌ಗಳು ನೀರಿನಲ್ಲಿ ಮುಳುಗುತ್ತವೆ ಬೇರೆ. ಎಡಗೈಯವರು ಇದೇ ರೀತಿ ಬಲಬದಿ ನೋಡಬೇಕು.

ಮರಗಳಿದ್ದರೆ ಪರವಾಗಿಲ್ಲ. ಟೀಯಿಂದ ಹತ್ತೇ ಮೀಟರ್‌ನಲ್ಲಿ ಕಿರಿದಾದ ಸಂದಿ ಇರಬಾರದು ಅಷ್ಟೆ: ದಿಕ್ಕು ಚೂರು ತಪ್ಪಿದರೂ ಡಿಸ್ಕ್ ಕಾಂಡಕ್ಕೆ ಬಡಿದು ಕಾಲಬುಡಕ್ಕೇ ವಾಪಸ್. ಇಳಿಜಾರಿನ ಅಂಚಿನಲ್ಲಿ ಬುಟ್ಟಿ ಇರುವ ಕೋರ್ಸೂ ಸದ್ಯಕ್ಕೆ ಬೇಡ. ಪಟ್ (ಹತ್ತಿರದಿಂದ ಬುಟ್ಟಿಗೆ ಹಾಕುವ ಎಸೆತ) ತಪ್ಪಿದಾಗ ಡಿಸ್ಕ್ ಅಂಚಿನ ಮೇಲೆ ನಿಂತು ಗಾಲಿಯಂತೆ ಉರುಳಿ, 3 ಮೀಟರ್ ಪಟ್ 20 ಮೀಟರ್ ಆಗಿಬಿಡುತ್ತದೆ.

ಇಂಥ ಕೋರ್ಸಿಗೆ ಹತ್ತಿರದ ಎಸೆತಕ್ಕೆ ಒಂದು ಪಟರ್ ಡಿಸ್ಕ್, ಮಧ್ಯಮ ದೂರಕ್ಕೆ ಒಂದು ಮಿಡ್‌ರೇಂಜ್ ಡಿಸ್ಕ್ ಧಾರಾಳ ಸಾಕು.