ಆಫೀಸಿನ ಸಂತೋಷ ಗಣತಿ

ವರ್ಷಕ್ಕೊಮ್ಮೆ ಆಫೀಸಿನಲ್ಲಿ ಸಂತೋಷದ ಗಣತಿ ನಡೆಯುತ್ತದೆ. "ಇದು ಪೂರ್ತಿ ಗುಪ್ತ, ನಿಮ್ಮ ಹೆಸರು ಬೇಡ" ಅಂತ ಎಚ್‌ಆರ್‌ನವರ ಮೇಲ್ ಬರುತ್ತದೆ. ಹೆಸರು ಬೇಡ, ನಿಜ. ವಿಭಾಗ, ವಯಸ್ಸು, ಲಿಂಗ, ಕೆಲಸಕ್ಕೆ ಸೇರಿದ ವರ್ಷ, ಯಾರ ಕೈಕೆಳಗೆ ಇದ್ದೀರಿ, ಇಷ್ಟು ಹೇಳಿದರೆ ಸಾಕು. ಮೂರೇ ಜನರಿರುವ ವಿಭಾಗದಲ್ಲಿ ಒಬ್ಬರೇ ಮಹಿಳೆ ಇದ್ದರೆ ಆಕೆಯ ಗುಟ್ಟು ಎಷ್ಟು ಭದ್ರ ನೋಡಿ! ಎರಡು ದಿನ ಬಿಟ್ಟು ಇನ್ನೊಂದು ಮೇಲ್: "ನೀವಿನ್ನೂ ಫಾರಂ ತುಂಬಿಲ್ಲ." ಯಾರು ಏನು ಬರೆದರು ಅಂತ ಗೊತ್ತೇ ಇಲ್ಲದವರಿಗೆ ಯಾರು ಬರೆದಿಲ್ಲ ಅನ್ನೋದು ಮಾತ್ರ ಹೇಗೋ ಗೊತ್ತು.

ಹಾಗಾಗಿ ಎಲ್ಲರೂ ಐದಕ್ಕೆ ನಾಲ್ಕು ಕೊಡುತ್ತಾರೆ. ಐದು ಕೊಟ್ಟರೆ ಯಾರೂ ನಂಬುವುದಿಲ್ಲ, ಮೂರು ಕೊಟ್ಟರೆ ಮೀಟಿಂಗ್‌ಗೆ ಕರೆಯುತ್ತಾರೆ.

ಅಷ್ಟಕ್ಕೂ ಕೆಲಸದಲ್ಲಿ ಖುಷಿ ಯಾವುದರಿಂದ ಅನ್ನೋದು ಯಾರಿಗೂ ಗೊತ್ತಿಲ್ಲದ ವಿಷಯ ಅಲ್ಲ. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ಪಿಟ್ಸ್‌ಬರ್ಗ್ ಕಡೆಯ ಸುಮಾರು 200 ಎಂಜಿನಿಯರು, ಅಕೌಂಟೆಂಟುಗಳನ್ನು ಮಾತಾಡಿಸಿ, ಕೆಲಸ ಯಾವಾಗ ಖುಷಿ ಕೊಟ್ಟಿತು, ಯಾವಾಗ ಬೇಜಾರು ತಂತು ಎಂದು ಕೇಳಿದ್ದರು. 1959ರಲ್ಲಿ ಪ್ರಕಟವಾದ ಉತ್ತರ ಸರಳ. ಕೆಲಸ ಕೈಗೂಡಿದಾಗ, ಅದನ್ನು ಯಾರಾದರೂ ಗುರುತಿಸಿದಾಗ, ಜವಾಬ್ದಾರಿ ಸಿಕ್ಕಾಗ ಖುಷಿ. ಬೇಜಾರಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಕಂಪನಿಯ ನೀತಿ ಮತ್ತು ಆಡಳಿತ, ಅದರ ಬೆನ್ನಿಗೇ ಮೇಲಧಿಕಾರಿ. ಇದನ್ನೆಲ್ಲ ಓದಿ ಅರ್ಥ ಮಾಡಿಕೊಂಡ ಕಂಪನಿಗಳು ಬೀನ್ ಬ್ಯಾಗ್ ತಂದು ಹಾಕಿದವು.

ಗೋಡೆ ಮೇಲೆ ಮೌಲ್ಯಗಳೂ ಬಂದವು. ಅಮೆರಿಕದ ಎನ್ರಾನ್ ಎಂಬ ಇಂಧನ ಕಂಪನಿ ಸಾರಿಕೊಂಡ ಮೌಲ್ಯಗಳಲ್ಲಿ ಗೌರವ, ಪ್ರಾಮಾಣಿಕತೆ ಎರಡೂ ಇದ್ದವು. 2001ರಲ್ಲಿ ಲೆಕ್ಕಪತ್ರದ ಮೋಸ ಬಯಲಾಗಿ ಕಂಪನಿ ದಿವಾಳಿಯಾಯಿತು. ಮೌಲ್ಯಗಳಿಗೆ ಏನೂ ಆಗಲಿಲ್ಲ, ಸುಮ್ನೆ ಬೇರೆ ಗೋಡೆಗಳಿಗೆ ಹೋದವು.

ಈ ಸಲದ ಗಣತಿಯಲ್ಲಿ ಒಂದೇ ಒಂದು ಪ್ರಶ್ನೆ ನೆಲಕಚ್ಚಿತು: "ನಿಮ್ಮ ಅಭಿಪ್ರಾಯವನ್ನು ಹೆದರಿಕೆ ಇಲ್ಲದೆ ಹೇಳಬಲ್ಲಿರಾ?" ಮೇಲಿನವರು ಗಾಬರಿಯಾದರು. ಕಾರಣ ಹುಡುಕಲು ಸಮಿತಿ ಆಯಿತು. ಸಮಿತಿ ಕಾರಣ ಬಿಟ್ಟು, ಕಡಿಮೆ ಅಂಕ ಕೊಟ್ಟವರನ್ನು ಹುಡುಕಿತು. ಆಮೇಲೆ ಶಿಫಾರಸು ಮಾಡಿತು: ಮುಂದಿನ ವರ್ಷದಿಂದ ಆ ಪ್ರಶ್ನೆ ಬೇಡ. ಜೊತೆಗೆ, ಎಲ್ಲರ ಮನಸ್ಸು ಹಗುರಾಗಲೆಂದು ಪ್ರತಿ ಶುಕ್ರವಾರ ಕೆಲಸದ ಹೊತ್ತು ಮುಗಿದ ಮೇಲೆ ಒಂದು ಗಂಟೆ ನಗುವಿನ ಕಾರ್ಯಕ್ರಮ. ಹಾಜರಾತಿ ಕಡ್ಡಾಯ. ಬರಲಾಗದವರು ಮೊದಲೇ ಮ್ಯಾನೇಜರ್ ಅನುಮತಿ ಪಡೆಯಬೇಕು, ತಪ್ಪಿಸಿಕೊಂಡ ನಗುವನ್ನು ಶನಿವಾರ ಬಂದು ತುಂಬಿಕೊಡಬೇಕು.