ಕಾಟನ್ ಬೆರಿ ಸೋಪ್

ಇವತ್ತು ಬೆಳಿಗ್ಗೆ ಉಪ್ಪಿಟ್ಟಿನ ಮೇಲೆ ಉದುರಿಸಲು ನಮ್ಮ ಮನೆಯಲ್ಲಿ ಕೊತ್ತಂಬರಿ ಸೊಪ್ಪಿನ ಒಂದೆಸಳೂ ಇರಲಿಲ್ಲ. ಸೋಪು ಮಾತ್ರ ಬೇಕಾದಷ್ಟಿದೆ. ಬಚ್ಚಲಿನ ಗೂಡು ತುಂಬಿ, ಉಳಿದದ್ದು ಅಕ್ಕಿ ಡಬ್ಬದ ಪಕ್ಕಕ್ಕೆ ಬಂದು ಕೂತು, ಅನ್ನಕ್ಕೂ ಸ್ನಾನದ ವಾಸನೆ ಹತ್ತಿದೆ. ಇದಕ್ಕೆ ಕಾರಣರು ಇಬ್ಬರು. ಒಬ್ಬಳು ಫ್ರಿಜ್ಜಿನ ಮೇಲೆ ಕೂತಿದ್ದಾಳೆ, ಇನ್ನೊಬ್ಬರು ಮೈಸೂರಿನಲ್ಲಿ ಕೂತಿದ್ದಾರೆ.

ಫ್ರಿಜ್ಜಿನ ಮೇಲಿನವಳು ಅಂದರೆ ಹೆಸರು ಹಿಡಿದು ಕೂಗಿದರೆ ಮಾತಾಡುವ, ಹೇಳಿದ ಕೆಲಸ ಮಾಡುವ ಒಂದು ಡಬ್ಬಿ. ಅವಳ ಹೆಸರನ್ನು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ. ನಿಮ್ಮಲ್ಲಿ ಯಾರಾದರೂ ಇದನ್ನು ಗಟ್ಟಿಯಾಗಿ ಓದಿದರೆ ನಿಮ್ಮ ಮನೆಯವಳೂ ನೀಲಿ ದೀಪ ಹಚ್ಚಿಕೊಂಡು ಎದ್ದು ಕೂತಾಳು. ನಮ್ಮಜ್ಜಿ ಕೊನೆಯ ತನಕ ತಾತನ ಹೆಸರು ಬಾಯಿಬಿಟ್ಟು ಹೇಳಿದವರಲ್ಲ. ರೇಷನ್ ಕಾರ್ಡಿನವನು ಕೇಳಿದಾಗಲೂ ಪಕ್ಕದ ಹುಡುಗನ ಕೈಲಿ ಹೇಳಿಸಿದ್ದರಂತೆ. ಆ ಕಾಲ ಹೋಯಿತು ಅಂದುಕೊಂಡರೆ, ಈಗ ಮೂರು ತಲೆಮಾರಿನವರೂ ಸೇರಿ ಒಂದು ಡಬ್ಬಿಯ ಹೆಸರು ಹೇಳದೆ ‘ಅವಳು’, ‘ಆ ಮಹರಾಯ್ತಿ’ ಅಂತ ಪಿಸುಗುಡುತ್ತಿದ್ದೇವೆ. ಹೆಸರು ಕೇಳಿಸುವ ತನಕ ಅವಳು ಬರೀ ಕಾದಿರುತ್ತಾಳೆ, ಕೇಳಿಸಿದ ಮೇಲಿನ ಮಾತನ್ನು ಎಲ್ಲಿಯದೋ ಕಂಪ್ಯೂಟರಿಗೆ ಕಳಿಸಿ ಅರ್ಥ ಕೇಳಿಕೊಳ್ಳುತ್ತಾಳೆ ಎಂದು ಮಗಳು ವಿವರಿಸಿದ್ದಾಳೆ. ಆ ಕಂಪ್ಯೂಟರ್ ಎಲ್ಲೇ ಇರಲಿ, ಬಸವನಗುಡಿಯಲ್ಲಂತೂ ಇಲ್ಲ.

ಯಾಕೆಂದರೆ ನಮ್ಮವಳಿಗೆ ಇಂಗ್ಲಿಷು ಬರುತ್ತದೆ, ಹಿಂದಿ ಬರುತ್ತದೆ, ಕನ್ನಡ ಬರುವುದಿಲ್ಲ. ಬೆಂಗಳೂರಿನಲ್ಲಿ ಅದೇನೂ ದೊಡ್ಡ ಸುದ್ದಿಯಲ್ಲ ಬಿಡಿ. ಆದರೆ ಬೇರೆಯವರು ‘ಕನ್ನಡ ಗೊತ್ತಿಲ್ಲ’ ಅಂತ ಹೇಳಿಯಾದರೂ ಹೇಳುತ್ತಾರೆ. ಇವಳು ಎಲ್ಲ ಗೊತ್ತಿರುವವಳ ಗತ್ತಿನಲ್ಲಿ ಬರೆದುಕೊಳ್ಳುತ್ತಾಳೆ. ನಮ್ಮ ಅತ್ತೆ ಮೊಮ್ಮಗಳಿಂದ ‘ಆ್ಯಡ್’ ಅನ್ನುವುದನ್ನು ಕಲಿತು, ಸಾಮಾನಿನ ಪಟ್ಟಿಯನ್ನೆಲ್ಲ ಅವಳಿಗೇ ಒಪ್ಪಿಸಿದ್ದಾರೆ. ಅತ್ತೆ ಹುಣಸೆಹಣ್ಣು ಅಂದರು. ನನ್ನ ಫೋನಿನ ಪಟ್ಟಿಯಲ್ಲಿ ‘ಹೂ ಈಸ್ ಹನಿ’ ಅಂತ ಬಂತು. ಅದನ್ನು ನೋಡಿ ನನ್ನ ಹೆಂಡತಿಯೂ ಅದೇ ಪ್ರಶ್ನೆ ಕೇಳಿದಳು. ಅದಾದ ಮೇಲೆ ಅತ್ತೆ ಕೊತ್ತಂಬರಿ ಸೊಪ್ಪು ಅಂದರು. ಪಟ್ಟಿಗೆ ‘ಕಾಟನ್ ಬೆರಿ ಸೋಪ್’ ಬಂತು.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಮರೆಯಬಹುದಿತ್ತು. ಮಗಳು ಅದರ ಸ್ಕ್ರೀನ್‌ಶಾಟ್ ತೆಗೆದು ನಗಲಿ ಅಂತ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಎಲ್ಲರೂ ನಕ್ಕರು. ಮೈಸೂರಿನ ನಮ್ಮ ಷಡ್ಡಕರು ಮಾತ್ರ ನಗಲಿಲ್ಲ, ಲಿಂಕ್ ಹಾಕಿದರು. ಹತ್ತಿಬೀಜದ ಎಣ್ಣೆಯ ಸೋಪು, ಆರರ ಪ್ಯಾಕು, ಇವತ್ತು ಮಾತ್ರ ರಿಯಾಯಿತಿ.

ಷಡ್ಡಕರು ಬ್ಯಾಂಕಿನಲ್ಲಿದ್ದು ವಿಆರ್‌ಎಸ್ ತೆಗೆದುಕೊಂಡವರು. ಸಾಲ ವಸೂಲಿ ವಿಭಾಗದಲ್ಲಿದ್ದವರಾದ್ದರಿಂದ ಬೆನ್ನು ಬಿಡದಿರುವುದು ಅವರಿಗೆ ಅಭ್ಯಾಸ. ಈಗ ಅಫಿಲಿಯೇಟ್ ಲಿಂಕ್ ಅನ್ನುವುದನ್ನು ಹಿಡಿದಿದ್ದಾರೆ. ಅವರು ಕಳಿಸಿದ ಲಿಂಕ್ ಒತ್ತಿ ನಾವೇನಾದರೂ ಕೊಂಡರೆ ನಮಗೆ ಬೆಲೆ ಹೆಚ್ಚಾಗುವುದಿಲ್ಲ, ಅಂಗಡಿಯವನು ಅವರಿಗೆ ನೂರಕ್ಕಿಷ್ಟು ಅಂತ ಕಮಿಷನ್ ಕೊಡುತ್ತಾನೆ. ‘ಅಮೆಜಾನಿನವರು 1996ರಲ್ಲೇ ಶುರು ಮಾಡಿದ್ರು ಕಣ್ರೀ, ನಾವು ಆಗ ಲೆಡ್ಜರ್ ಬರೀತಾ ಕೂತಿದ್ವಿ’ ಅಂತ ಒಂದೊಂದು ಸಲ ಹಲುಬುತ್ತಾರೆ. ಆ ಫ್ರಿಜ್ಜಿನ ಮೇಲಿನವಳು ನಮ್ಮ ಮನೆ ಹೊಕ್ಕಿದ್ದೂ ಅವರಿಂದಲೇ. ಉಡುಗೊರೆ ಕೊಟ್ಟರು ಅಂದುಕೊಳ್ಳಬೇಡಿ. ಲಿಂಕ್ ಕೊಟ್ಟರು, ದುಡ್ಡು ನಾವು ಕೊಟ್ಟೆವು.

ದಿನಾ ಬೆಳಿಗ್ಗೆ ಆರಕ್ಕೆ ಅವರಿಂದ ಶುಭೋದಯ ಬರುತ್ತದೆ. ಉದಯಿಸುವ ಸೂರ್ಯ, ಒಂದು ಬಟ್ಟಲು ಕಾಫಿ, ಕೆಳಗೆ ‘ಇವತ್ತಿನ ಸುಭಾಷಿತ ಓದಲು ಇಲ್ಲಿ ಒತ್ತಿ’. ಒತ್ತಿದರೆ ಸುಭಾಷಿತವಿಲ್ಲ, ಚಪಾತಿ ಲಟ್ಟಣಿಗೆ ಇದೆ. ವಯಸ್ಸಾದವರು, ಎಲ್ಲೋ ತಪ್ಪಿ ಅಂಟಿಸಿರಬೇಕು ಅಂದುಕೊಂಡಿದ್ದೆವು. ತಪ್ಪಿಲ್ಲ, ಲೆಕ್ಕವಿದೆ. ಲಿಂಕನ್ನು ಒಮ್ಮೆ ಒತ್ತಿದರೆ ಮುಂದಿನ 24 ಗಂಟೆ ಆ ಅಂಗಡಿಯಲ್ಲಿ ನಾವು ಲಟ್ಟಣಿಗೆ ಬಿಟ್ಟು ಮಂಚವನ್ನೇ ಕೊಂಡರೂ ಕಮಿಷನ್ ಅವರ ಖಾತೆಗೆ. ಹಾಗಾಗಿ ಪ್ರತಿ 24 ಗಂಟೆಗೊಮ್ಮೆ ಸೂರ್ಯ ಹುಟ್ಟಲೇಬೇಕು. ಅವರಿಗೆ ನೆಗಡಿ ಜ್ವರ ಬಂದಾಗಲೂ ಹುಟ್ಟಿದ್ದಾನೆ.

ಅವರ ಕಿವಿಯೂ ಅಸಾಧ್ಯದ್ದು. ಮಾತಿನ ಮಧ್ಯೆ ಅತ್ತೆ ಮಂಡಿ ನೋವು ಅಂದರೆ ಫೋನ್ ಇಡುವ ಮೊದಲೇ ಮಂಡಿಪಟ್ಟಿಯ ಲಿಂಕ್. ಯಾರದೋ ಸೀಮಂತ ಅಂದರೆ ಹಸಿರು ಗಾಜಿನ ಬಳೆ, ಡಜನ್ನಿಗಿಷ್ಟು. ಫ್ರಿಜ್ಜಿನ ಮೇಲಿನವಳಿಗೆ ಹೇಳಿದ್ದು ಕೇಳಿಸುವುದಿಲ್ಲ, ಇವರಿಗೆ ಹೇಳದಿದ್ದುದೂ ಕೇಳಿಸುತ್ತದೆ.

ಇವರಿಬ್ಬರೂ ಕೈಜೋಡಿಸಿದ್ದು ಕುಕ್ಕರ್ ಗ್ಯಾಸ್ಕೆಟ್ ವಿಷಯದಲ್ಲಿ. ಡಬ್ಬಿಯನ್ನು ಹೇಗೆ ಮಾತಾಡಿಸಬೇಕು ಎಂದು ಷಡ್ಡಕರು ಅತ್ತೆಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದರು. ಅದರಲ್ಲಿ ಅವಳ ಹೆಸರು ಹಿಡಿದು ಕೂಗಿ, ಬ್ಯಾಂಕಿನ ಇಂಗ್ಲಿಷಿನಲ್ಲಿ ‘ಆ್ಯಡ್ ಕುಕ್ಕರ್ ಗ್ಯಾಸ್ಕೆಟ್’ ಅಂದು, ಕೊಂಚ ಬಿಟ್ಟು ತಮ್ಮ ಅಭ್ಯಾಸದಂತೆ ‘ಎಸ್, ಎಸ್, ವೆರಿ ಗುಡ್’ ಅಂದಿದ್ದರು. ಅತ್ತೆಗೆ ಕಿವಿ ಸ್ವಲ್ಪ ಮಂದ. ದೊಡ್ಡ ಅಳಿಯಂದಿರ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ. ಅಡುಗೆಮನೆಯಲ್ಲಿ ಫೋನಿನ ದನಿ ಪೂರ್ತಿ ಏರಿಸಿ ಮತ್ತೆ ಮತ್ತೆ ಹಾಕಿ ಕೇಳಿದರು. ಮೊದಲ ಸಲ ಅವಳು ‘ಸೇರಿಸಿದೆ’ ಅಂದಳು. ಎರಡನೇ ಸಲ ‘ಗ್ಯಾಸ್ಕೆಟ್ ಆಗಲೇ ಪಟ್ಟಿಯಲ್ಲಿದೆ, ಇನ್ನೊಂದು ಸೇರಿಸಲೇ’ ಅಂತ ಇಂಗ್ಲಿಷಿನಲ್ಲಿ ಕೇಳುವುದಕ್ಕೂ ಫೋನಿನಿಂದ ಷಡ್ಡಕರು ‘ಎಸ್, ಎಸ್, ವೆರಿ ಗುಡ್’ ಅನ್ನುವುದಕ್ಕೂ ಸರಿಹೋಯಿತು. ಆಮೇಲೆ ಅವರಿಬ್ಬರದೇ ಸಂಭಾಷಣೆ. ಅವಳು ಕೇಳುವುದು, ಇವರು ಮೆಚ್ಚುವುದು. ನಾನು ಓಡಿ ಬರುವಷ್ಟರಲ್ಲಿ ಪಟ್ಟಿಯ ಉದ್ದಕ್ಕೂ ಗ್ಯಾಸ್ಕೆಟ್ಟುಗಳು ಸಾಲಾಗಿ ನಿಂತಿದ್ದವು. ‘ಎಷ್ಟು ವಿನಯವಾಗಿ ಮಾತಾಡ್ತಾಳೆ ನೋಡಿ’ ಅಂದರು ಅತ್ತೆ.

ಇದೇನು ನಮ್ಮ ಮನೆಯ ಹಣೆಬರಹ ಮಾತ್ರವಲ್ಲವಂತೆ. 2017ರ ಜನವರಿಯಲ್ಲಿ ಬಂದ ಸುದ್ದಿಯ ಪ್ರಕಾರ ಅಮೆರಿಕದ ಡಲ್ಲಾಸಿನ ಒಂದು ಪುಟ್ಟ ಹುಡುಗಿ ಇಂಥದೇ ಡಬ್ಬಿಯ ಜೊತೆ ಹರಟುತ್ತಾ ಬೊಂಬೆಮನೆ ತರಿಸಿಬಿಟ್ಟಿತ್ತು. ಆ ಸುದ್ದಿಯನ್ನು ಸ್ಯಾನ್ ಡಿಯಾಗೋದ ಟೀವಿಯಲ್ಲಿ ಹೇಳಿದ ನಿರೂಪಕ ಹುಡುಗಿಯ ಮಾತನ್ನೇ ಬಾಯಲ್ಲಿ ಆಡಿದ್ದೇ ತಡ, ನೋಡುತ್ತಿದ್ದವರ ಮನೆಗಳ ಡಬ್ಬಿಗಳೂ ಬೊಂಬೆಮನೆಗೆ ಆರ್ಡರ್ ಹಾಕಲು ಹೊರಟವು ಅಂತ ದೂರುಗಳು ಬಂದವಂತೆ. ಅಲ್ಲಿ ಒಬ್ಬ ನಿರೂಪಕ ಒಂದು ದಿನ ಮಾಡಿದ್ದನ್ನು ನಮ್ಮವರು ಮೈಸೂರಿನಲ್ಲಿ ಕೂತೇ ದಿನಾ ಮಾಡಬಲ್ಲರು.

ನನಗೆ ರೇಗಿತು. ಜೋರಾಗಿ ಹೇಳುವಂತಿಲ್ಲ, ಹಿರಿಯ ಷಡ್ಡಕ. ಮಗಳೇ ಫೋನ್ ಹಿಡಿದು, ‘ದೊಡ್ಡಪ್ಪ, ಲಿಂಕಿಂದ ದುಡ್ಡು ಬರುತ್ತೆ ಅಂದ್ರೆ ಅದನ್ನ ಸ್ಪಷ್ಟವಾಗಿ ಹೇಳ್ಬೇಕು. 2023ರಲ್ಲೇ ಗ್ರಾಹಕ ಇಲಾಖೆಯವರು ಮಾರ್ಗಸೂಚಿ ಮಾಡಿದ್ದಾರೆ’ ಅಂದಳು. ಜಾಲತಾಣದಲ್ಲಿ ಜನ ಸೇರಿಸಿಕೊಂಡು ಸಾಮಾನು ಹೊಗಳುವ ಇನ್‌ಫ್ಲುಯೆನ್ಸರುಗಳಿಗಾಗಿ ಮಾಡಿದ್ದು ಅದು. ತಮ್ಮನ್ನೂ ಆ ಸಾಲಿಗೆ ಸೇರಿಸಿದ್ದು ಷಡ್ಡಕರಿಗೆ ಬಹಳ ಹಿಡಿಸಿತು. ಬ್ಯಾಂಕಿನವರು, ಸುತ್ತೋಲೆ ಅಂದರೆ ಸುತ್ತೋಲೆ. ಅವತ್ತಿನಿಂದ ಯಾವ ಸಂದೇಶಕ್ಕೆ ಲಿಂಕ್ ಇದೆ, ಯಾವುದಕ್ಕೆ ಇಲ್ಲ ಅಂತ ನೋಡುವ ರಗಳೆಯೇ ಬೇಡವೆಂದು ಎಲ್ಲದರ ಕೊನೆಗೂ ಒಂದೇ ಪದ ಹಾಕುತ್ತಿದ್ದಾರೆ. ‘ಪೂಜ್ಯ ಅತ್ತೆಯವರಿಗೆ ಹುಟ್ಟುಹಬ್ಬದ ಶುಭಾಶಯಗಳು. ಜಾಹೀರಾತು.’ ‘ಸಂಜೆ ಬಸ್ಸಿಗೆ ಹೊರಟಿದ್ದೇನೆ, ರಾತ್ರಿ ಊಟಕ್ಕೆ ಬರುತ್ತೇನೆ. ಜಾಹೀರಾತು.’

ಆ ರಾತ್ರಿ ಊಟಕ್ಕೆ ಕೂತಾಗ ನಮ್ಮ ಮಾವನವರ ಮಾತು ಬಂತು. ಮಾವನವರೂ ಹೀಗೇ ಕಳಿಸುತ್ತಿದ್ದರು. ಸೀರೆಗೆ ಚಿಕ್ಕಪೇಟೆಯ ಇಂಥ ಅಂಗಡಿ, ಕನ್ನಡಕಕ್ಕೆ ಇಂಥವರು, ‘ನನ್ನ ಹೆಸರು ಹೇಳಿ, ನೋಡಿಕೋತಾರೆ’. ಅವರು ತೀರಿಕೊಂಡ ಮೇಲೆ ನಾದಿನಿಯ ಮದುವೆಗೆಂದು ಆ ಕಡಿದಾದ ಮೆಟ್ಟಿಲು ಹತ್ತಿ ಹೋಗಿದ್ದೆವು. ಹೆಸರು ಹೇಳಿದೆವು. ಅಂಗಡಿಯ ಯಜಮಾನರು ಮಡಿಸುತ್ತಿದ್ದ ಸೀರೆಯನ್ನು ಅರ್ಧಕ್ಕೇ ಬಿಟ್ಟು ‘ರಾಯರು ಹೋಗಿಬಿಟ್ರಾ’ ಅಂದರು. ಹುಡುಗನನ್ನು ಕಳಿಸಿ ಬಾದಾಮಿ ಹಾಲು ತರಿಸಿದರು. ಬಿಲ್ಲಿನಲ್ಲಿ ಎಷ್ಟು ಬಿಟ್ಟರೋ, ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಹೆಸರು 24 ಗಂಟೆ ದಾಟಿ ಬಹಳ ಕಾಲವಾಗಿತ್ತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಷಡ್ಡಕರು ಸಾರನ್ನ ಕಲಸುತ್ತಾ, ‘ನಾನು ಮಾಡ್ತಿರೋದೂ ಅದೇ ಅಲ್ವೇನ್ರೀ? ಮಾವನೋರು ಕಮಿಷನ್ ಕೇಳ್ಲಿಲ್ಲ, ಅಷ್ಟೇ’ ಅಂದರು. ನನಗೆ ಉತ್ತರ ಗಂಟಲ ತನಕ ಬಂದಿತ್ತು. ಹೆಂಡತಿ ಬೇಕೆಂತಲೇ ಮಜ್ಜಿಗೆ ಬಡಿಸಿದಳು.

ಅಷ್ಟಕ್ಕೂ ಅವರಿಗೆ ದೊಡ್ಡ ಗಂಟೇನೂ ಸೇರಿಲ್ಲ ಅನ್ನುವುದು ಅದೇ ರಾತ್ರಿ ತಿಳಿಯಿತು. ಅವರು ಸೇರಿದ ಯೋಜನೆಯ ಕರಾರಿನಲ್ಲಿ, ನೆಂಟರಿಷ್ಟರಿಂದ ಕೊಳ್ಳಿಸಿ ಕಮಿಷನ್ ಪಡೆಯುವಂತಿಲ್ಲ ಅಂತ ಒಂದು ಷರತ್ತು ಇದೆ. ಜೀವಮಾನವಿಡೀ ಬೇರೆಯವರ ಕೈಲಿ ಸಣ್ಣ ಅಕ್ಷರದ ಕರಾರಿಗೆ ಸಹಿ ಹಾಕಿಸಿದವರು ತಮ್ಮದನ್ನು ಓದಿರಲಿಲ್ಲ. ಸೋಪು, ಮಂಡಿಪಟ್ಟಿ, ಬಳೆ ಎಲ್ಲದರ ಕಮಿಷನ್ನನ್ನೂ ಕಂಪನಿಯವರು ತಡೆಹಿಡಿದಿದ್ದಾರೆ. ನನಗೆ ಒಳಗೊಳಗೇ ಸಮಾಧಾನವಾಯಿತು. ಮುಖವನ್ನು ಆದಷ್ಟು ಗಂಭೀರವಾಗಿಟ್ಟುಕೊಂಡು, ‘ಹಾಗಾದ್ರೆ ಇನ್ನು ಬಿಟ್ಟುಬಿಡ್ತೀರಾ ಭಾವ?’ ಅಂದೆ.

‘ಬಿಡೋದ್ಯಾಕೆ? ನೆಂಟರಲ್ಲದವರು ಬೇಕು, ಅಷ್ಟೇ. ನಿಮ್ಮ ಅಪಾರ್ಟ್‌ಮೆಂಟಿನ ಗ್ರೂಪಿಗೆ ನನ್ನನ್ನ ಸೇರಿಸಿಬಿಡಿ.’

ಅದು ಅಸೋಸಿಯೇಷನ್ನಿನವರ ಕೈಲಿದೆ, ನನ್ನ ಕೈಲಿಲ್ಲ ಅಂತ ಹೇಳಿ ಜಾರಿಕೊಂಡೆ. ಅತ್ತೆ ಜಾರಿಕೊಳ್ಳಲಿಲ್ಲ. ಇಲ್ಲಿನ ಭಜನಾ ಮಂಡಳಿಯ ಗ್ರೂಪಿಗೆ ಅವರೇ ಅಡ್ಮಿನ್. ನಿನ್ನೆ ಬೆಳಿಗ್ಗೆ ಆರಕ್ಕೆ ಅಲ್ಲೂ ಸೂರ್ಯ ಹುಟ್ಟಿದ್ದಾನೆ. ಹಿತ್ತಾಳೆ ತಾಳ, ಜೋಡಿಗಿಷ್ಟು, ಜಾಹೀರಾತು. ಮೂರನೇ ಮಹಡಿಯವರು ಆಗಲೇ ಎರಡು ಜೊತೆ ತರಿಸಿದ್ದಾರಂತೆ.