18 ಮದ್ದು, ಒಂದು ಹಲ್ಲು

ಜುಲೈ ಮಳೆ ಜೋರಾದಾಗಲೇ ನನ್ನ ಕೆಳಗಿನ ಬಲ ದವಡೆ ಹಲ್ಲೂ ಜೋರಾಯಿತು. ಮೊದಮೊದಲು ಬಿಸಿ ಕಾಫಿಗೆ ಚುಳ್ ಅನ್ನುತ್ತಿತ್ತು. ಎಡಗಡೆಯಿಂದ ಕುಡಿಯಲು ಕಲಿತೆ. ಆಮೇಲೆ ರಾತ್ರಿ ಮಲಗಿದ ಕೂಡಲೇ ಬಾಯೊಳಗೆ ಯಾರೋ ದುಡಿ ಬಾರಿಸತೊಡಗಿದರು. ಎದ್ದು ಕೂತರೆ ನಿಲ್ಲುತ್ತಿತ್ತು. ಒಂದು ವಾರ ಕುರ್ಚಿಯಲ್ಲೇ ಲವಂಗ ಕಚ್ಚಿಕೊಂಡು ತೂಕಡಿಸಿದೆ.

ಕೊನೆಗೆ ಹೆಂಡತಿ ವಿರಾಜಪೇಟೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಎಕ್ಸ್‌ರೇ ನೋಡಿ, "ಹುಳುಕು ನರದವರೆಗೂ ಇಳಿದಿದೆ. ಮಲಗಿದಾಗ ತಲೆ ಕಡೆಗೆ ರಕ್ತದ ಒತ್ತಡ ಜಾಸ್ತಿ. ಹಲ್ಲಿನ ಒಳಗೆ ಊದಿಕೊಳ್ಳೋಕೆ ಜಾಗ ಇಲ್ಲ, ಅದಕ್ಕೇ ರಾತ್ರಿ ಹೊತ್ತು ನೋವು. ರೂಟ್ ಕೆನಾಲ್ ಮಾಡೋಣ, ಆಗಸ್ಟ್ 4ಕ್ಕೆ ಬನ್ನಿ" ಎಂದರು.

ಅಲ್ಲಿಂದ ನನ್ನ ತಯಾರಿ ಶುರು. ತಯಾರಿ ಅಂದರೆ ಊರಿನವರ ಹತ್ತಿರ ಕೇಳುತ್ತಾ ತಿರುಗಿದ್ದು. ಅಮ್ಮತ್ತಿಯ ಅಂಗಡಿ ಕಟ್ಟೆಯಲ್ಲಿ ಒಬ್ಬರು, "ಬೇರು ಕೀಳ್ತಾರೆ ಅಲ್ವಾ?" ಎಂದರು. ಹಳೇ ಕಾಫಿ ಗಿಡವನ್ನು ಬೇರು ಸಮೇತ ಕಿತ್ತಿಸಿದವನು ನಾನು. ಗುದ್ದಲಿ, ಹಾರೆ, ಮೂರು ಆಳು ಎಲ್ಲ ಕಣ್ಣ ಮುಂದೆ ಬಂತು. ಬೇರು ಎಲ್ಲೂ ಹೋಗಲ್ಲ, ಅದರೊಳಗಿನ ಕೆಟ್ಟ ನರವನ್ನು ಮಾತ್ರ ತೆಗೆದು, ತೊಳೆದು, ತುಂಬಿ ಮುಚ್ಚುತ್ತಾರೆ ಅಂತ ಡಾಕ್ಟರಮ್ಮ ಹೇಳಿಯೇ ಇದ್ದರು. ಆದರೆ ಕಟ್ಟೆ ಮೇಲೆ ಕೂತವರ ಮಾತಿಗೆ ಇರುವ ತೂಕ ಡಾಕ್ಟರ ಮಾತಿಗೆ ಎಲ್ಲಿ ಬರಬೇಕು?

ಹಿಂದಿನ ದಿನ ಆಗಸ್ಟ್ 3. ಕೊಡಗಿನಲ್ಲಿ ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ. ಆವತ್ತು ಮದ್ದು ಸೊಪ್ಪಿನಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಅನ್ನುವುದು ನಂಬಿಕೆ. ಸೊಪ್ಪು ಕುದಿಸಿದ ನೇರಳೆ ಬಣ್ಣದ ನೀರಿನಲ್ಲಿ ಪಾಯಸ ಮಾಡುತ್ತಾರೆ. ಪಕ್ಕದ ಮನೆ ಅಜ್ಜಿ ಬಟ್ಟಲು ಮುಂದಿಟ್ಟು, "ತಿನ್ನಪ್ಪಾ, 18ರಲ್ಲಿ ಒಂದಾದ್ರೂ ಹಲ್ಲಿಗೆ ಇರಲ್ವಾ?" ಎಂದರು. ಲೆಕ್ಕ ಸರಿ ಅನಿಸಿತು. ಎರಡು ಬಟ್ಟಲು ತಿಂದೆ. ಸಿಹಿ ಹುಳುಕಿಗೆ ತಾಗಿ, ಆ ರಾತ್ರಿ ದುಡಿಯ ಜೊತೆ ಕೊಂಬೂ ಕೂಗಿತು.

ಬೆಳಿಗ್ಗೆ ಹೆಂಡತಿ ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ, ಬಡಿಸಿದಳು. ನಾನು ಮುಟ್ಟಲಿಲ್ಲ. ಇಂಜೆಕ್ಷನ್ ಕೊಟ್ಟು ಮರಗಟ್ಟಿಸುತ್ತಾರೆ ಅಂದಮೇಲೆ ಖಾಲಿ ಹೊಟ್ಟೆ ಅಂತ ನಾನೇ ತೀರ್ಮಾನ ಮಾಡಿದ್ದೆ. ಯಾರನ್ನೂ ಕೇಳಿರಲಿಲ್ಲ. ಬಿಳಿ ಅಂಗಿ ಹಾಕಿಕೊಂಡು, ತೋಟದ ಒಳದಾರಿಯಲ್ಲೇ ನಡೆದು ಬಸ್ ಹಿಡಿದೆ.

ಡಾಕ್ಟರಮ್ಮ ಕೇಳಿದರು, "ಬಿಪಿ, ಶುಗರ್ ಇದೆಯಾ? ರಕ್ತ ತೆಳು ಮಾಡೋ ಮಾತ್ರೆ ತಗೊಳ್ತೀರಾ? ಬೇರೆ ಏನಾದ್ರೂ ಮದ್ದು?"

"ನಿನ್ನೆ 18 ಮದ್ದು ತಿಂದಿದ್ದೀನಿ ಮೇಡಂ."

ಒಂದು ಕ್ಷಣ ಗಾಬರಿಯಾದರು. ಆಮೇಲೆ ನಕ್ಕು, "ಪಾಯಸಾನಾ? ನಾನೂ ತಿಂದಿದ್ದೀನಿ" ಎಂದರು. ಬೆಳಿಗ್ಗೆ ಮೂತ್ರ ಕೆಂಪಗೆ ಹೋದದ್ದನ್ನು ಹೇಳೋಣವೇ ಅಂದುಕೊಂಡೆ. ಅದು ಆ ಪಾಯಸ ತಿಂದ ಎಲ್ಲರಿಗೂ ಆಗುವುದೇ. ಬಿಟ್ಟೆ.

"ತಿಂಡಿ ಆಯ್ತಾ?"

"ಇಲ್ಲ ಮೇಡಂ, ಉಪವಾಸ."

"ಇದೇನು ಕಾವೇರಿ ಸಂಕ್ರಮಣಾನಾ? ಖಾಲಿ ಹೊಟ್ಟೆಗೆ ಭಯ ಸೇರಿದ್ರೆ ತಲೆ ಸುತ್ತು ಬರುತ್ತೆ. ಆಮೇಲೆ ಎರಡು ಮೂರು ಗಂಟೆ ಬಾಯಿ ಮರಗಟ್ಟಿರುತ್ತೆ, ಏನೂ ತಿನ್ನೋ ಹಾಗಿಲ್ಲ. ಹೋಗಿ ಇಡ್ಲಿ ತಿಂದು ಬನ್ನಿ." ಎದುರಿನ ಹೋಟೆಲಿನಲ್ಲಿ ನಾಲ್ಕು ಇಡ್ಲಿ ತಿಂದೆ, ಎಡಗಡೆಯಿಂದ.

ಕುರ್ಚಿ ಮೇಲೆ ಒರಗಿದಾಗ ಒಂದು ಒಪ್ಪಂದವಾಯಿತು. ನೋವಾದರೆ ಎಡಗೈ ಎತ್ತಬೇಕು, ಅವರು ತಕ್ಷಣ ನಿಲ್ಲಿಸುತ್ತಾರೆ. ಮೂಗಿನಲ್ಲಿ ನಿಧಾನಕ್ಕೆ ಉಸಿರು ತೆಗೆದು, ಇನ್ನೂ ನಿಧಾನಕ್ಕೆ ಬಿಡಬೇಕು. ಈ ಎಡಗೈ ವಿಷಯ ನನ್ನ ಭಯವನ್ನು ಅರ್ಧ ಇಳಿಸಿತು, ಸುಳ್ಳಲ್ಲ. ಬ್ರೇಕು ನಮ್ಮ ಕೈಲಿದ್ದರೆ ಆ ಮಾತೇ ಬೇರೆ. ಇಂಜೆಕ್ಷನ್ ಚುಚ್ಚಿದ್ದು ಒಂದಿಷ್ಟು ಚುರುಕ್. ಸ್ವಲ್ಪ ಹೊತ್ತಿಗೆ ಬಲಗಡೆ ತುಟಿ ನನ್ನದಲ್ಲವಾಯಿತು. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರು. ಡ್ರಿಲ್ ಗುಂಯ್ ಎಂದಿತು. ಸದ್ದು ಇತ್ತು, ನೋವು ಇಲ್ಲ.

ಸೂಜಿಯಂಥ ಫೈಲಿನಿಂದ ಬೇರಿನ ಒಳಗೆ ಉಜ್ಜುತ್ತಿದ್ದಾಗ ನನಗೆ ಭಯಂಕರ ತುರಿಕೆ. ಹಲ್ಲಿನಲ್ಲಲ್ಲ, ಬಲಗಾಲಿನಲ್ಲಿ. ತಡೆದೆ, ಉಸಿರು ತೆಗೆದೆ, ಬಿಟ್ಟೆ. ಆಗಲಿಲ್ಲ. ಎಡಗೈ ಎತ್ತಿದೆ.

"ನೋವಾ?"

ಇಲ್ಲವೆಂದು ತಲೆ ಆಡಿಸುವ ಹಾಗಿಲ್ಲ. ಕಾಲು ತೋರಿಸಿದೆ. ನರ್ಸ್ ಪ್ಯಾಂಟಿನ ಅಂಚು ಎತ್ತಿ ನೋಡಿ ಕಿಟಾರನೆ ಕಿರುಚಿದಳು. ಕಾಲುಚೀಲದ ಮೇಲೆ ದ್ರಾಕ್ಷಿಯ ಹಾಗೆ ಉಬ್ಬಿದ ಜಿಗಣೆ. ಚೀಲವೆಲ್ಲ ರಕ್ತ. ಯಾವ ಇಂಜೆಕ್ಷನ್ನೂ ಇಲ್ಲದೆ, ನನಗೆ ಗೊತ್ತೇ ಆಗದ ಹಾಗೆ ಅದು ತನ್ನ ಕೆಲಸ ಮುಗಿಸಿತ್ತು. ಉಪ್ಪಿಗೆ ಹುಡುಕಾಟ ನಡೆಯಿತು. ಅಷ್ಟರಲ್ಲಿ ಅದೇ ಹೊಟ್ಟೆ ತುಂಬಿ ಕೆಳಗೆ ಬಿತ್ತು. ಡಾಕ್ಟರಮ್ಮ ಹತ್ತಿ ಒತ್ತಿಸಿ, ಗ್ಲೌಸ್ ಬದಲಿಸಿ ಮತ್ತೆ ಬಾಯಿಗೆ ಬಂದರು.

ಮುಂದಿನ ಸಲ ಬೇರಿನೊಳಗೆ ಗಟ್ಟಾ ಪರ್ಚಾ ತುಂಬಿ, ಮೇಲೆ ಕ್ಯಾಪ್ ಹಾಕುತ್ತಾರಂತೆ. ಈ ಗಟ್ಟಾ ಪರ್ಚಾ ಅಂದರೆ ಮರದ ಹಾಲು, ಥೇಟ್ ರಬ್ಬರಿನ ಸಂಬಂಧಿ. ಈ ಮಾತು ನನಗೆ ಹಿಡಿಸಿತು. ತೋಟದವನ ಬಾಯಿಗೆ ಮರದ ಹಾಲೇ ಸರಿ.

"ಮರಗಟ್ಟಿದ್ದು ಬಿಡೋವರೆಗೂ ಬಿಸಿ ಏನೂ ಬೇಡ, ಬಾಯಿ ಸುಟ್ಕೋತೀರಾ. ತಿನ್ನೋದೂ ಬೇಡ, ತುಟಿ ಕಚ್ಕೋತೀರಾ" ಎಂದು ಹೇಳಿ ಕಳಿಸಿದರು. ಬಸ್ ಸ್ಟ್ಯಾಂಡಿನಲ್ಲಿ ನೀರು ಕುಡಿದೆ. ಅರ್ಧ ನೀರು ಬಲಗಡೆಯಿಂದ ಬಿಳಿ ಅಂಗಿಗೆ ಇಳಿಯಿತು. ಕಾಫಿ ಕುಡಿಯದ್ದು ಪುಣ್ಯ.

ಬಸ್ಸಿನಲ್ಲಿ ಕಂಡಕ್ಟರ್ ಬಂದ. ಅಮ್ಮತ್ತಿ ಅನ್ನಬೇಕು. ಎರಡು ತುಟಿ ಸೇರಿದರೆ ತಾನೇ 'ಮ್ಮ' ಬರುವುದು?

"ಒಂದು ಅತ್ತಿ."

"ಎಲ್ಲಿಗೆ?"

"ಅತ್ತಿ, ಅತ್ತಿ."

ಅವನು ನನ್ನ ಒದ್ದೆ ಅಂಗಿ, ರಕ್ತದ ಕಾಲುಚೀಲ, ಸೊಟ್ಟ ಬಾಯಿ ಎಲ್ಲವನ್ನೂ ನೋಡಿ, ತುಂಬ ಕನಿಕರದಿಂದ ಕೇಳಿದ: "ಅತ್ತೆ ಮನೆ ಯಾವೂರಲ್ಲಿದೆ ಅಂತ ಹೇಳಿ ಸಾರ್, ಟಿಕೆಟ್ ಕೊಡ್ತೀನಿ."